ಬಾನೆಟ್ಟಿನ ಮೇಲಿನ ಲೂವರ್ ನೋಡಿ 100ಎಂ ಎನ್ನಬಹುದೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. ಉದ್ಯೋಗದ ನಿಮಿತ್ತ ಬಹಳ ವರ್ಷಗಳಿಂದ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ ನೆಲೆಸಿದ್ದೇನೆ. ಇಲ್ಲಿಗೆ ಸಮೀಪದ ಹಳೆಯ ಕಾರುಗಳ ವ್ಯಾಪಾರಿಯೊಬ್ಬರು 1956ರ ಆಸ್ಟಿನ್-ಹೀಲಿ 100 ರೋಡ್‌ಸ್ಟರ್ ಒಂದನ್ನು ‘100ಎಂ ಲೆ ಮಾನ್’ ಎಂದು ಹೆಸರಿಸಿ ಸಂಗ್ರಾಹಕರಿಗೆಂದು ಮಾರಾಟಕ್ಕೆ ಇಟ್ಟಿದ್ದಾರೆ. ಕಾರಿಗೆ ಎರಡು ಬಣ್ಣಗಳಿವೆ, ಬಾನೆಟ್ಟಿನಲ್ಲಿ ಗಾಳಿಯಾಡುವ ಸೀಳುಗಳಾದ ಲೂವರ್‌ಗಳಿವೆ, ಅದರ ಮೇಲೆ ಚರ್ಮದ ಪಟ್ಟಿಯೂ ಇದೆ. ಅಮೆರಿಕದಿಂದ ಮರಳಿ ತಂದು, ಸ್ಟಿಯರಿಂಗನ್ನು ಬಲಕ್ಕೆ ಬದಲಿಸಿ, ಸಂಪೂರ್ಣವಾಗಿ ಪುನರುಜ್ಜೀವನಗೊಳಿಸಲಾಗಿದೆ ಎನ್ನುತ್ತಾರೆ. ಕೇಳುತ್ತಿರುವ ಬೆಲೆ ಸಾಮಾನ್ಯ 100 ಕಾರಿನ ಬೆಲೆಗಿಂತ ಸುಮಾರು ಎರಡು ಪಟ್ಟು. ಕೊಳ್ಳಬಹುದೇ? ಏನನ್ನು ಪರೀಕ್ಷಿಸಬೇಕು? ಮುಂದೆ ಊರಿಗೆ ಮರಳುವಾಗ ಕಾರನ್ನೂ ತರಲು ಸಾಧ್ಯವೇ?

ಉತ್ತರ: ತಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಬೆರೆತುಕೊಂಡಿವೆ. ಇದು ಒಳ್ಳೆಯ ಕಾರೇ ಎಂಬುದು ಒಂದು. ಮಾರುವವರು ಹೇಳುತ್ತಿರುವ ಕಾರೇ ಇದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾರಿನ ಅಡಿಗೆ ಇಳಿದು ನೋಡಿ ಉತ್ತರ ಕಂಡುಕೊಳ್ಳಬಹುದು. ಎರಡನೆಯದಕ್ಕೆ ಉತ್ತರ ಕಾರಿನಲ್ಲಿಲ್ಲ, ಕಾಗದಪತ್ರಗಳಲ್ಲಿದೆ. ಕೇಳುತ್ತಿರುವ ಬೆಲೆಯ ಅರ್ಧದಷ್ಟು ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿರುವುದರಿಂದ ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ದಾಖಲೆ ಕೈಗೆ ಬರುವವರೆಗೆ ಈ ಕಾರನ್ನು ಒಂದು ಒಳ್ಳೆಯ ಬಿಎನ್2, ಎಂದರೆ ಆ ಕಾಲದ ಸಾಮಾನ್ಯ 100 ಕಾರು, ಎಂದಷ್ಟೇ ಭಾವಿಸಿ ಬೆಲೆ ಕಟ್ಟಿರಿ.

ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಂಡರೆ ಇದಕ್ಕೆ ಕಾರಣ ಸ್ಪಷ್ಟವಾಗುತ್ತದೆ. 1931ರ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದಿದ್ದ ಡೊನಾಲ್ಡ್ ಹೀಲಿ ಎರಡನೆಯ ಮಹಾಯುದ್ಧದ ನಂತರ ವಾರಿಕ್ ಪಟ್ಟಣದಲ್ಲಿ ತಮ್ಮದೇ ಹೆಸರಿನ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ಆಸ್ಟಿನ್ ಕಂಪನಿಯ ಎ90 ಅಟ್ಲಾಂಟಿಕ್ ಎಂಬ ಕಾರು ಅಮೆರಿಕದಲ್ಲಿ ಮಾರಾಟವಾಗದೆ ಸೋತಿತ್ತಾದರೂ ಅದರ 2660 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಗಟ್ಟಿಯಾದದ್ದು, ಕಡಿಮೆ ವೇಗದಲ್ಲೂ ಚೆನ್ನಾಗಿ ಎಳೆಯುವಂಥದ್ದು. ಆ ಎಂಜಿನ್ನನ್ನು ತಗ್ಗಾದ, ಸುಂದರವಾದ ಎರಡು ಆಸನಗಳ ದೇಹದೊಳಗೆ ಕೂರಿಸಿ ಹೀಲಿಯವರು 1952ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ‘ಹೀಲಿ ಹಂಡ್ರೆಡ್’ ಎಂಬ ಹೆಸರಿನಲ್ಲಿ ಇಟ್ಟರು. ಗಂಟೆಗೆ 100 ಮೈಲಿ ಓಡಬಲ್ಲದು ಎಂಬುದೇ ಆ ಹೆಸರಿನ ಘೋಷಣೆ. ಅದನ್ನು ಕಂಡ ಆಸ್ಟಿನ್ ಮುಖ್ಯಸ್ಥ ಲೆನಾರ್ಡ್ ಲಾರ್ಡ್ ಅಲ್ಲಿಯೇ ಒಪ್ಪಂದಕ್ಕೆ ಮುಂದಾದರು, ಪ್ರದರ್ಶನ ಮುಗಿಯುವ ಮೊದಲೇ ಕಾರಿನ ಹೆಸರು ಆಸ್ಟಿನ್-ಹೀಲಿ ಆಯಿತು. ದೇಹವನ್ನು ವೆಸ್ಟ್ ಬ್ರಾಮ್‌ವಿಚ್‌ನ ಜೆನ್ಸನ್ ಕಂಪನಿ ತಯಾರಿಸುತ್ತಿತ್ತು, ಜೋಡಣೆ ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಡ್ಜ್‌ನಲ್ಲಿ ನಡೆಯುತ್ತಿತ್ತು. ಎಂದರೆ ತಾವು ಈಗ ವಾಸಿಸುತ್ತಿರುವ ಸೀಮೆಯೇ ಈ ಕಾರಿನ ತವರು.

1953ರಿಂದ 1955ರ ಬೇಸಿಗೆಯವರೆಗೆ ತಯಾರಾದದ್ದು ಬಿಎನ್1. ಅದರಲ್ಲಿ ಮೂರು ಗೇರುಗಳು, ಮೇಲಿನ ಎರಡಕ್ಕೆ ಎಂಜಿನ್ನಿನ ಸುತ್ತು ತಗ್ಗಿಸುವ ಓವರ್‌ಡ್ರೈವ್. ಅಲ್ಲಿಂದ 1956ರ ಬೇಸಿಗೆಯವರೆಗೆ ಬಂದದ್ದು ನಾಲ್ಕು ಗೇರುಗಳ ಬಿಎನ್2. ಎರಡೂ ಸೇರಿ ಸುಮಾರು 14,600 ಕಾರುಗಳು ಹೊರಬಂದವು, ಅವುಗಳಲ್ಲಿ ಬಹುಪಾಲು ನೇರವಾಗಿ ಅಮೆರಿಕಕ್ಕೆ ಹೋದವು. ಇನ್ನು ‘ಎಂ’ ವಿಚಾರ. 1953ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟದಲ್ಲಿ ಎರಡು ಹೀಲಿ 100 ಕಾರುಗಳು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಸ್ಥಾನ ಪಡೆದವು. ಆ ಕಾರುಗಳಿಗೆ ಮಾಡಿದ್ದ ಮಾರ್ಪಾಡುಗಳನ್ನು ಅನುಸರಿಸಿ ಕಂಪನಿಯು ‘ಲೆ ಮಾನ್ ಕಿಟ್’ ಒಂದನ್ನು ಮಾರಾಟಕ್ಕೆ ತಂದಿತು: ದೊಡ್ಡ ಎಸ್‌ಯು ಕಾರ್ಬ್ಯುರೇಟರುಗಳು, ಅವುಗಳಿಗೆ ಹೊರಗಿನ ತಣ್ಣನೆಯ ಗಾಳಿ ಒದಗಿಸುವ ಪೆಟ್ಟಿಗೆ, ಕವಾಟಗಳನ್ನು ಹೆಚ್ಚು ಎತ್ತುವ ಕ್ಯಾಮ್‌ಶಾಫ್ಟ್, ಬೇರೆ ಡಿಸ್ಟ್ರಿಬ್ಯೂಟರ್ ಇತ್ಯಾದಿ. ಯಾವ ಡೀಲರ್ ಬೇಕಾದರೂ, ಯಾವ 100 ಕಾರಿಗೆ ಬೇಕಾದರೂ ಇದನ್ನು ಜೋಡಿಸಿಕೊಡಬಹುದಾಗಿತ್ತು. ಆದರೆ ಬಿಎನ್2 ಕಾಲದಲ್ಲಿ ಕೆಲವು ಕಾರುಗಳನ್ನು ಲಾಂಗ್‌ಬ್ರಿಡ್ಜ್‌ನಿಂದ ವಾರಿಕ್‌ಗೆ ಕಳುಹಿಸಿ, ಹೀಲಿಯವರ ಕಾರ್ಖಾನೆಯಲ್ಲೇ ಈ ಎಲ್ಲ ಬದಲಾವಣೆಗಳನ್ನೂ, ಹೆಚ್ಚಿನ ಒತ್ತಡದ ಪಿಸ್ಟನ್, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ದಪ್ಪನೆಯ ಆ್ಯಂಟಿ-ರೋಲ್ ಬಾರ್, ಲೂವರ್ ಬಾನೆಟ್ಟು ಮತ್ತು ಚರ್ಮದ ಪಟ್ಟಿಯನ್ನೂ ಸೇರಿಸಿ ಮುಗಿಸಲಾಯಿತು. ಮೂಲ ಎಂಜಿನ್ನಿನ 90 ಅಶ್ವಶಕ್ತಿ ಇಲ್ಲಿ 110ಕ್ಕೆ ಏರಿತು. ಹೀಗೆ ವಾರಿಕ್‌ನಲ್ಲಿ ಹೊಸದಾಗಿಯೇ ಸಿದ್ಧವಾದ 640 ಕಾರುಗಳು ಮಾತ್ರ ಸಂಗ್ರಾಹಕರ ಲೆಕ್ಕದಲ್ಲಿ 100ಎಂ.

ಈ ಇತಿಹಾಸದಲ್ಲೇ ತೊಡಕೂ ಅಡಗಿದೆ. 100ಎಂ ಕಾರಿನ ಪ್ರತಿಯೊಂದು ಗೋಚರ ಲಕ್ಷಣವೂ ಬಿಚ್ಚಿ ಜೋಡಿಸಬಹುದಾದ ಭಾಗ, ಮತ್ತು ಆ ಪ್ರತಿಯೊಂದು ಭಾಗವೂ ಇಂದು ಹೀಲಿ ಪರಿಣತರ ಅಂಗಡಿಗಳಲ್ಲಿ ಹೊಸದಾಗಿ ಸಿಗುತ್ತದೆ. ಸಾಮಾನ್ಯ ಬಿಎನ್2 ಕಾರೊಂದನ್ನು ಪೂರ್ಣವಾಗಿ ಬಿಚ್ಚಿ ಸರಿಪಡಿಸುವ ಸಂದರ್ಭದಲ್ಲಿ ಆ ಭಾಗಗಳನ್ನೂ ಹಾಕಿಬಿಡುವುದು ದೊಡ್ಡ ಖರ್ಚಿನ ಬಾಬತ್ತೇನೂ ಅಲ್ಲ. ಎರಡು ಬಣ್ಣ ಬಳಿಯುವುದಂತೂ ಇನ್ನೂ ಸುಲಭ. ಮೈಸೂರು ಪೇಟ ತೊಟ್ಟವರೆಲ್ಲ ದಿವಾನರಾಗುವುದಿಲ್ಲ ಎಂಬಂತೆ, ಲೂವರ್ ಮತ್ತು ಚರ್ಮದ ಪಟ್ಟಿ ಇದ್ದ ಕಾರುಗಳೆಲ್ಲ ವಾರಿಕ್‌ಗೆ ಹೋಗಿ ಬಂದವುಗಳಲ್ಲ. ಹೀಗೆ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಓಡಿಸುವವರಿಗೆ ಆ ಭಾಗಗಳಿಂದ ನಿಜವಾದ ಪ್ರಯೋಜನವೇ ಇದೆ. ಅಂಥ ಕಾರನ್ನು ವಾರಿಕ್‌ನ ಕಾರಿನ ಬೆಲೆಗೆ ಮಾರಿದಾಗ ಮಾತ್ರ ಆಕ್ಷೇಪ.

ಆದ್ದರಿಂದ ಮೊದಲು ಚಾಸಿಸ್ ಸಂಖ್ಯೆ ಕೇಳಿರಿ. ಅದು ಬಿಎನ್1 ಎಂದು ಆರಂಭವಾದರೆ ಮಾತು ಅಲ್ಲಿಗೇ ಮುಗಿಯಿತು. ಅದು ಕಿಟ್ ಹಾಕಿಸಿಕೊಂಡ ಕಾರಾಗಿರಬಹುದು, ಕಾರ್ಖಾನೆಯ 100ಎಂ ಆಗಿರಲಾರದು. ಬಿಎನ್2 ಎಂದಿದ್ದರೆ, ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಆ ಸಂಖ್ಯೆಗೆ ಹೆರಿಟೇಜ್ ಪ್ರಮಾಣಪತ್ರ ತರಿಸಿ ಎನ್ನಿ. ಕಾರ್ಖಾನೆಯ ಮೂಲ ದಾಖಲೆಗಳು ಅಲ್ಲಿವೆ. ಕಾರು ತಯಾರಾದ ಮತ್ತು ರವಾನೆಯಾದ ದಿನಾಂಕ, ಎಂಜಿನ್ ಸಂಖ್ಯೆ, ದೇಹದ ಸಂಖ್ಯೆ, ಮೂಲ ಬಣ್ಣ, ಒಳಾಂಗಣದ ಬಣ್ಣ, ಮೊದಲು ಹೋದ ಊರು ಇವೆಲ್ಲ ಆ ಪತ್ರದಲ್ಲಿ ಇರುತ್ತವೆ, ಮತ್ತು ಕಾರು ಮಾರ್ಪಾಡಿಗಾಗಿ ಹೀಲಿಯವರ ಕಾರ್ಖಾನೆಗೆ ಹೋಗಿದ್ದರೆ ಅದೂ ಕಾಣಿಸುತ್ತದೆ. ಇದರ ಶುಲ್ಕ ಕಾರಿನ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. 100ಎಂ ಎಂದು ಜಾಹೀರಾತು ಕೊಟ್ಟು ಎರಡು ಪಟ್ಟು ಬೆಲೆ ಕೇಳುವ ವ್ಯಾಪಾರಿಯ ಬಳಿ ಆ ಪತ್ರ ಈಗಾಗಲೇ ಇರಬೇಕಿತ್ತು. ‘ಬೇಕಾದರೆ ತರಿಸಿಕೊಳ್ಳಬಹುದು’ ಎಂಬ ಉತ್ತರ ಬಂದರೆ ಅನುಮಾನಿಸಲು ತಮಗೆ ಸಕಾರಣವಿದೆ. ಏಕೆಂದರೆ ಅದನ್ನು ತರಿಸಿ, ಓದಿ, ಪಕ್ಕಕ್ಕೆ ಇಟ್ಟಿರುವ ಸಾಧ್ಯತೆಯೂ ಇರುತ್ತದೆ. ಇದಲ್ಲದೆ 100ಎಂ ಕಾರುಗಳ ಪಟ್ಟಿಯನ್ನು ಹೀಲಿ ಅಭಿಮಾನಿಗಳು ದೀರ್ಘಕಾಲದಿಂದ ಕಾಪಾಡಿಕೊಂಡು ಬಂದಿದ್ದಾರೆ. ಆಸ್ಟಿನ್-ಹೀಲಿ ಕ್ಲಬ್ಬಿನ ಮೂಲಕ ಅವರನ್ನು ಸಂಪರ್ಕಿಸಿದರೆ ತಮ್ಮ ಸಂಖ್ಯೆಯ ಕಾರಿನ ಪೂರ್ವಾಪರ ತಿಳಿದವರು ಸಿಗಬಹುದು.

ಪ್ರಮಾಣಪತ್ರ ಬಂದ ಮೇಲೆ ಇನ್ನೊಂದು ಹೆಜ್ಜೆ ಉಳಿಯುತ್ತದೆ, ಇದನ್ನು ಅನೇಕರು ಮರೆಯುತ್ತಾರೆ. ಆ ಪತ್ರವು ಒಂದು ಸಂಖ್ಯೆಯ ಬಗ್ಗೆ ಹೇಳುತ್ತದೆಯೇ ಹೊರತು ತಮ್ಮ ಎದುರಿಗೆ ನಿಂತಿರುವ ಲೋಹದ ಬಗ್ಗೆ ಅಲ್ಲ. ಎಂಜಿನ್ನಿಗೂ ಒಳಾಂಗಣಕ್ಕೂ ನಡುವಿನ ಗೋಡೆಯಾದ ಬಲ್ಕ್‌ಹೆಡ್ಡಿನ ಮೇಲಿನ ತಗಡಿನ ಫಲಕವನ್ನು ಹೊಸದಾಗಿ ಅಚ್ಚು ಹಾಕಿಸುವುದು ಕಷ್ಟವೇನಲ್ಲ. ತುಕ್ಕು ತಿಂದು ಹೋದ ನಿಜವಾದ 100ಎಂ ಒಂದರ ಫಲಕ ಮತ್ತು ಕಾಗದಪತ್ರ ಇನ್ನೊಂದು ಕಾರಿಗೆ ವರ್ಗವಾಗಬಹುದು. ಇಲ್ಲಿ ನಮ್ಮ ನೆರವಿಗೆ ಬರುವುದು ಜೆನ್ಸನ್ ಕಾರ್ಮಿಕರ ಹಳೆಯ ಪದ್ಧತಿ. ಪ್ರತಿ ಕಾರಿನ ಬಾನೆಟ್ಟು, ಡಿಕ್ಕಿಯ ಮುಚ್ಚಳ, ಕಾಕ್‌ಪಿಟ್ಟಿನ ಅಂಚಿನ ಅಲ್ಯೂಮಿನಿಯಂ ಪಟ್ಟಿಗಳನ್ನು ಅವರು ಕೈಯಿಂದಲೇ ಆಯಾ ದೇಹಕ್ಕೆ ಹೊಂದಿಸುತ್ತಿದ್ದರು. ಬಣ್ಣಕ್ಕೆ ಹೋಗಿ ಬಂದಾಗ ಅದಲುಬದಲಾಗದಿರಲೆಂದು ಅವುಗಳ ಮರೆಯ ಭಾಗದಲ್ಲಿ ಸಂಖ್ಯೆ ಒತ್ತುತ್ತಿದ್ದರು. ಈ ಗುರುತುಗಳು ಪ್ರಮಾಣಪತ್ರದ ದೇಹಸಂಖ್ಯೆಗೆ ತಾಳೆಯಾದರೆ ಅದಕ್ಕಿಂತ ಬಲವಾದ ಸಾಕ್ಷಿ ಬೇರೆ ಬೇಕಿಲ್ಲ. ಎಪ್ಪತ್ತು ವರ್ಷಗಳಲ್ಲಿ ಬಾನೆಟ್ಟು ಬದಲಾಗಿರುವುದು ಸಹಜ, ಹಾಗಾಗಿ ಒಂದು ಗುರುತು ಇಲ್ಲವೆಂದ ಮಾತ್ರಕ್ಕೆ ಕಾರು ಸುಳ್ಳಾಗುವುದಿಲ್ಲ. ಒಂದೂ ಇಲ್ಲದಿದ್ದರೆ, ಅಥವಾ ಸಿಕ್ಕ ಗುರುತುಗಳು ಬೇರೊಂದು ಸಂಖ್ಯೆಯತ್ತ ಬೊಟ್ಟು ಮಾಡಿದರೆ, ನಾನಾದರೆ ಅಲ್ಲಿಂದ ಎದ್ದು ಬರುತ್ತೇನೆ. ಪುನರುಜ್ಜೀವನಕ್ಕೆ ಮುಂಚಿನ ಛಾಯಾಚಿತ್ರಗಳನ್ನೂ ಕೇಳಿ ನೋಡಿರಿ. ಅಮೆರಿಕದಲ್ಲಿದ್ದಾಗಿನ ಮಾಸಿದ ಕಾರಿನ ಒಂದು ಚಿತ್ರ, ಅದರಲ್ಲಿ ಹಳೆಯ ಬಣ್ಣದ ಅಡಿಯಲ್ಲಿ ಕಾಣುವ ಲೂವರ್, ಹೊಳೆಯುವ ಹೊಸ ಬಣ್ಣದ ನೂರು ಚಿತ್ರಗಳಿಗಿಂತ ಹೆಚ್ಚು ಮಾತಾಡುತ್ತದೆ.

ದಾಖಲೆಗಿರುವ ಬೆಲೆ ಎಷ್ಟೆಂಬುದಕ್ಕೆ ಇದೇ ಕುಟುಂಬದ ಒಂದು ಉದಾಹರಣೆ ಸಾಕು. 1955ರಲ್ಲಿ ವಾರಿಕ್‌ನಲ್ಲಿ ಓಟಕ್ಕೆಂದೇ 100ಎಸ್ ಎಂಬ ಮಾದರಿಯ 50 ಕಾರುಗಳನ್ನು ಗ್ರಾಹಕರಿಗಾಗಿ ತಯಾರಿಸಲಾಯಿತು. ಅಲ್ಯೂಮಿನಿಯಂ ದೇಹ, ನಾಲ್ಕೂ ಚಕ್ರಗಳಿಗೆ ಡನ್‌ಲಪ್ ಡಿಸ್ಕ್ ಬ್ರೇಕ್, 132 ಅಶ್ವಶಕ್ತಿ. ಅವುಗಳಿಗೆ ಮೊದಲು ಕಂಪನಿಯ ತಂಡ ತನಗಾಗಿ ಮಾಡಿಕೊಂಡಿದ್ದ ಕಾರುಗಳಲ್ಲಿ ಒಂದು, ಎನ್‌ಒಜೆ 393 ಎಂಬ ನೋಂದಣಿಯದು, 1955ರ ಲೆ ಮಾನ್ ದುರಂತದಲ್ಲಿ ಸಿಲುಕಿತು. ಲ್ಯಾನ್ಸ್ ಮ್ಯಾಕ್ಲಿನ್ ಓಡಿಸುತ್ತಿದ್ದ ಆ ಕಾರಿನ ಹಿಂಬದಿಗೆ ಇನ್ನೊಬ್ಬ ಚಾಲಕ ಲೆವೆಯವರ ಮರ್ಸಿಡಿಸ್ ಬಡಿದು ಪ್ರೇಕ್ಷಕರತ್ತ ಸಿಡಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ಕಾರು 2011ರ ಡಿಸೆಂಬರಿನಲ್ಲಿ ಬಾನಮ್ಸ್ ಹರಾಜಿನಲ್ಲಿ 8,43,000 ಪೌಂಡಿಗೆ ಮಾರಾಟವಾಯಿತು. ಆಗ ಅದು ಪುನರುಜ್ಜೀವನಗೊಂಡಿರಲಿಲ್ಲ, ಕೊಟ್ಟಿಗೆಯಿಂದ ತೆಗೆದ ಸ್ಥಿತಿಯಲ್ಲೇ ಇತ್ತು. ಕೊಂಡವರು ಬಣ್ಣಕ್ಕೆ ದುಡ್ಡು ಕೊಡಲಿಲ್ಲ ಎಂಬುದನ್ನು ಗಮನಿಸಿರಿ.

ಈಗ ಕಾರಿನ ಸ್ಥಿತಿಗೆ ಬರೋಣ. ಎಂಜಿನ್ನಿಗಿಂತ ದೇಹವೇ ಮುಖ್ಯ. ಈ ಕಾರಿನ ಚಾಸಿಸ್ ಮತ್ತು ದೇಹದ ಚೌಕಟ್ಟನ್ನು ಒಂದಕ್ಕೊಂದು ಬೆಸೆದಿರುವುದರಿಂದ ದೇಹವನ್ನು ಮೇಲೆತ್ತಿ ಚಾಸಿಸ್ ಸರಿಪಡಿಸುವ ಸೌಕರ್ಯವಿಲ್ಲ. ಬಾಗಿಲುಗಳ ಕೆಳಗಿನ ಸಿಲ್, ಅವನ್ನು ಚಾಸಿಸ್ಸಿಗೆ ಸೇರಿಸುವ ಔಟ್‌ರಿಗ್ಗರ್‌ಗಳು, ಬಾಗಿಲ ಕಂಬಗಳ ಬುಡ, ಪಾದಗಳಿಡುವ ಜಾಗದ ನೆಲ, ಡಿಕ್ಕಿಯ ನೆಲ ಇವು ತುಕ್ಕಿಗೆ ಪ್ರಿಯವಾದ ತಾಣಗಳು. ಚಕ್ರಗಳ ಮೇಲಿನ ರೆಕ್ಕೆಗಳು ಮತ್ತು ಬಾಗಿಲುಗಳು ಉಕ್ಕಿನವು. ಮೂಗು ಮತ್ತು ಬಾಲದ ಭಾಗಗಳು ಅಲ್ಯೂಮಿನಿಯಂ. ಈ ಎರಡು ಲೋಹಗಳು ಕೂಡುವೆಡೆ ನೀರು ನಿಂತರೆ ವಿದ್ಯುತ್-ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಪುಡಿಪುಡಿಯಾಗುತ್ತದೆ, ಮೇಲಿನ ಬಣ್ಣ ಗುಳ್ಳೆ ಏಳುತ್ತದೆ. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿರಿ. ಅದು ರೆಕ್ಕೆಗೆ ಅಂಟದಿದ್ದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ಮೂಗಿಗೆ ಅಂಟಿದರೆ ಯಾರೋ ಉಕ್ಕಿನ ತೇಪೆ ಹಾಕಿದ್ದಾರೆ. ಬಾಗಿಲ ಸುತ್ತಲಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿದೆಯೇ ನೋಡಿರಿ, ಅನಂತರ ಕಾರನ್ನು ಜಾಕ್ ಮೇಲೆ ಎತ್ತಿ ಮತ್ತೆ ಬಾಗಿಲು ತೆಗೆದು ಹಾಕಿರಿ. ಸಂದು ಬದಲಾದರೆ ಸಿಲ್‌ಗಳಲ್ಲಿ ಬಲವಿಲ್ಲ ಎಂದರ್ಥ. ನೆಲಕ್ಕೂ ಕಾರಿಗೂ ಅಂತರ ಬಹಳ ಕಡಿಮೆಯಿರುವುದರಿಂದ ಹೊಗೆಕೊಳವೆ ಉಜ್ಜಿಹೋಗಿರುವುದನ್ನು ಕಂಡು ಗಾಬರಿಪಡಬೇಕಿಲ್ಲ, ಅದು ಈ ಕಾರಿನ ಜಾಯಮಾನ. ಚಾಸಿಸ್ ತೊಲೆಗಳೇ ಜಜ್ಜಿದ್ದರೆ ಅದು ಬೇರೆ ಮಾತು.

ಎಂಜಿನ್ ಲಾರಿಯ ಎಂಜಿನ್ನಿನಷ್ಟೇ ಸಹನಶೀಲವಾದದ್ದು. ಬಿಸಿಯಾದ ಮೇಲೆಯೂ ಎಣ್ಣೆಯ ಒತ್ತಡ ನಿಂತಿರಬೇಕು, ಓವರ್‌ಡ್ರೈವ್ ಗುಂಡಿ ಒತ್ತಿದೊಡನೆ ತಡವರಿಸದೆ ಹಿಡಿಯಬೇಕು. ಕಡ್ಡಿಚಕ್ರಗಳ ಹಬ್ಬುಗಳಲ್ಲಿನ ಹಲ್ಲುಗಳು ಸವೆದಿದ್ದರೆ ಬ್ರೇಕ್ ಒತ್ತಿದಾಗ ‘ಟಕ್’ ಎಂಬ ಸದ್ದು ಕೇಳುತ್ತದೆ. ಇದು ಅಪಾಯಕಾರಿ, ಆದರೆ ರಿಪೇರಿ ಆಗುವಂಥದ್ದು. ಗೇರ್‌ಬಾಕ್ಸ್ ತೆಗೆದು ಐದು ಗೇರುಗಳ ಆಧುನಿಕ ಪೆಟ್ಟಿಗೆ ಹಾಕಿರುವ ಕಾರುಗಳು ಬಹಳ ಇವೆ. ಹಾಗಿದ್ದರೆ ಮೂಲ ಪೆಟ್ಟಿಗೆಯೂ ಕಾರಿನೊಂದಿಗೆ ಬರುತ್ತದೆಯೇ ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಪರೀಕ್ಷಾ ಓಟವನ್ನು ಹತ್ತು ನಿಮಿಷಕ್ಕೆ ಮುಗಿಸಬೇಡಿರಿ. ಅರ್ಧ ಗಂಟೆಯ ನಂತರ ಪಾದಗಳ ಬಳಿ ಏರುವ ಬಿಸಿಯನ್ನು ಸಹಿಸಲಾದೀತೇ ಎಂಬುದು ಖರೀದಿಗೆ ಮುಂಚೆಯೇ ತಿಳಿಯುವುದು ಒಳ್ಳೆಯದು. ಮುಂಭಾಗದ ಗಾಜನ್ನು ಮುಂದಕ್ಕೆ ಸರಿಸಿ ಮಲಗಿಸುವ ವ್ಯವಸ್ಥೆ 100 ಕಾರುಗಳ ವಿಶೇಷ, ಮುಂದಿನ ದೊಡ್ಡ ಹೀಲಿಗಳಲ್ಲಿ ಅದು ಇಲ್ಲವಾಯಿತು. ಅದನ್ನೂ ಒಮ್ಮೆ ಮಲಗಿಸಿ ನೋಡಿರಿ. ಇದು ಪರೀಕ್ಷೆಗಿಂತ ಹೆಚ್ಚಾಗಿ ಸಂತೋಷಕ್ಕೆ.

ಸ್ಟಿಯರಿಂಗ್ ಬದಲಾವಣೆಯ ಬಗ್ಗೆ ತಮಗೆ ಅಳುಕಿದ್ದರೆ ಬೇಕಿಲ್ಲ. ಅಮೆರಿಕದಿಂದ ಬಂದ ಕಾರಿನ ಚಾಸಿಸ್ ಸಂಖ್ಯೆಯಲ್ಲಿ ಬಿಎನ್2 ಜೊತೆಗೆ ಎಲ್ ಎಂಬ ಅಕ್ಷರವೂ ಇರುತ್ತದೆ, ಎಡಗಡೆ ಚಾಲನೆಯದು ಎಂಬುದಕ್ಕೆ. ಆ ಅಕ್ಷರ ಮಾಯವಾಗಿದ್ದರೆ ಮಾತ್ರ ಚಿಂತಿಸಬೇಕು. ಬಲಕ್ಕೆ ಬದಲಿಸಿದ ಕಾರು ಹುಟ್ಟಿನಿಂದಲೇ ಬಲಗಡೆ ಚಾಲನೆಯದಾದ ಕಾರಿನಷ್ಟು ಬೆಲೆ ಬಾಳುವುದಿಲ್ಲ, ಬ್ರಿಟನ್ನಿನ ರಸ್ತೆಗೆ ಅನುಕೂಲವಂತೂ ಹೌದು. ಮರು ಆಮದಿನ ತೆರಿಗೆ ಕಟ್ಟಿದ ಕಾಗದಗಳು ಕಡತದಲ್ಲಿರಲಿ. ನೋಂದಣಿ ಪುಸ್ತಕವಾದ ವಿ5ಸಿ ಕೇವಲ ಕಾರಿನ ಜವಾಬ್ದಾರರನ್ನು ತಿಳಿಸುತ್ತದೆ, ಅದು ಒಡೆತನದ ಪತ್ರವಲ್ಲ ಎಂಬುದೂ ನೆನಪಿರಲಿ.

ಇಟ್ಟುಕೊಳ್ಳುವ ಖರ್ಚಿನ ದೃಷ್ಟಿಯಿಂದ ಇದು ಬ್ರಿಟನ್ನಿನಲ್ಲಿ ಸುಲಭದ ಕಾರು. ನಲವತ್ತು ವರ್ಷ ದಾಟಿದ ವಾಹನಗಳಿಗೆ ರಸ್ತೆ ತೆರಿಗೆ ಇಲ್ಲ. ಕಳೆದ ಮೂವತ್ತು ವರ್ಷಗಳಲ್ಲಿ ಮಹತ್ವದ ಬದಲಾವಣೆ ಮಾಡಿರದಿದ್ದರೆ ರಸ್ತೆಯೋಗ್ಯತೆಯ ವಾರ್ಷಿಕ ಎಂಒಟಿ ಪರೀಕ್ಷೆಯಿಂದಲೂ ವಿನಾಯಿತಿ ಇದೆ. ಆದರೂ ಸ್ವಯಂಪ್ರೇರಣೆಯಿಂದ ವರ್ಷಕ್ಕೊಮ್ಮೆ ಆ ಪರೀಕ್ಷೆ ಮಾಡಿಸುವುದು ವಿವೇಕ. ವಿಮೆಯನ್ನು ಮೊದಲೇ ಒಪ್ಪಿದ ಮೌಲ್ಯಕ್ಕೆ ಮಾಡಿಸಿರಿ. 2021ರಿಂದ ಅಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ನಳಿಕೆಗಳ ಹಿತಕ್ಕಾಗಿ ಎಥನಾಲ್ ಕಡಿಮೆಯಿರುವ ಸೂಪರ್ ದರ್ಜೆಯದನ್ನೇ ಬಳಸಿರಿ.

ಊರಿಗೆ ತರುವ ವಿಚಾರದಲ್ಲಿ ನಾನು ಉತ್ತೇಜನ ನೀಡಲಾರೆ. ಭಾರತದಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರ ಕೇಂದ್ರ ನಿಯಮಗಳಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ಫಲಕದ ಮೇಲೆ ‘ವಿಎ’ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ನಿರ್ವಹಣೆಯಂಥ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು, ಮತ್ತು ಬಳಸಿದ ಕಾರಿನ ಆಮದಿಗೆ ತೆರುವ ಸುಂಕ ಬಹಳ ಭಾರವಾದದ್ದು. ಅದಕ್ಕಿಂತ ಮುಖ್ಯವಾಗಿ, ಹೀಲಿಯ ಬಿಡಿಭಾಗ ಬಲ್ಲ ಅಂಗಡಿಗಳೂ ಮೆಕ್ಯಾನಿಕರೂ ತಮ್ಮ ಈಗಿನ ಮನೆಯ ಸುತ್ತಮುತ್ತಲೇ ಇದ್ದಾರೆ. ಸಕಲೇಶಪುರದ ಘಾಟಿಯಲ್ಲಿ ಇದನ್ನು ಓಡಿಸುವ ಕಲ್ಪನೆ ನನಗೂ ಇಷ್ಟವೇ, ಆದರೆ ಅಲ್ಲಿನ ರಸ್ತೆಯುಬ್ಬುಗಳನ್ನು ಈ ಕಾರಿನ ಹೊಗೆಕೊಳವೆ ದಾಟಲಾರದು.

ಕೊನೆಯದಾಗಿ ಬೆಲೆ. ಪ್ರಮಾಣಪತ್ರ, ದೇಹದ ಗುರುತುಗಳು, ಅಭಿಮಾನಿಗಳ ಪಟ್ಟಿ ಈ ಮೂರೂ ಒಂದೇ ಮಾತು ಹೇಳಿದರೆ ಎರಡು ಪಟ್ಟು ಬೆಲೆ ಅನ್ಯಾಯವಲ್ಲ. ನಿಜವಾದ 100ಎಂ ಅಷ್ಟು ಅಂತರವನ್ನು ಉಳಿಸಿಕೊಂಡು ಬಂದಿದೆ. 1950ರ ದಶಕದಲ್ಲೇ ಡೀಲರ್ ಕಿಟ್ ಹಾಕಿದ್ದಕ್ಕೆ ಆ ಕಾಲದ ರಸೀದಿ ಇದ್ದರೆ ಸಾಮಾನ್ಯ ಬಿಎನ್2 ಕಾರಿಗಿಂತ ಸ್ವಲ್ಪ ಹೆಚ್ಚು ಕೊಡಬಹುದು. ಪುನರುಜ್ಜೀವನದ ಸಮಯದಲ್ಲಿ ಸೇರಿಸಿದ ಭಾಗಗಳಾದರೆ ಆ ಭಾಗಗಳ ಬೆಲೆ, ಅಷ್ಟೇ. ತಮಗೆ ಬೇಕಾಗಿರುವುದು ಭಾನುವಾರದ ಬೆಳಗಿನ ಓಡಾಟವೇ ಆಗಿದ್ದರೆ ಈ ಕೊನೆಯ ಬಗೆಯ ಕಾರನ್ನೇ ಆರಿಸಿಕೊಳ್ಳಿ ಎಂದು ಹೇಳುವೆ. ಓಡುವಾಗ ಇದಕ್ಕೂ ವಾರಿಕ್‌ನ ಕಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಗೀರು ಬಿದ್ದರೆ ನಿದ್ದೆಯೂ ಕೆಡುವುದಿಲ್ಲ.

ಮುಂಗಡ ಕೊಡುವ ಮುನ್ನ ಸ್ವತಂತ್ರ ಪರಿಣತರೊಬ್ಬರಿಂದ ಕಾರನ್ನು ಲಿಫ್ಟ್ ಮೇಲೆ ಏರಿಸಿ ಪರೀಕ್ಷಿಸಿ, ರಸೀದಿಯಲ್ಲಿ ‘ಕಾರ್ಖಾನೆಯಲ್ಲೇ ತಯಾರಾದ 100ಎಂ’ ಎಂದು ಚಾಸಿಸ್ ಸಂಖ್ಯೆ ಸಮೇತ ಬರೆಯಿಸಿಕೊಳ್ಳಿ. ‘100ಎಂ ಮಟ್ಟಕ್ಕೆ ಸಜ್ಜುಗೊಳಿಸಿದ’ ಎಂಬ ಒಕ್ಕಣೆಯನ್ನು ಒಪ್ಪಬೇಡಿರಿ. ವ್ಯಾಪಾರಿಯಿಂದ ಕೊಂಡ ವಸ್ತು ವರ್ಣನೆಗೆ ತಕ್ಕಂತಿರಬೇಕು ಎಂಬುದು ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ನಿಯಮ. ಸಾರ್ವಜನಿಕರು ಸ್ವತಃ ಹಾಜರಾಗಬಹುದಾದ ಹರಾಜಿನಲ್ಲಿ ಕೊಂಡ ಹಳೆಯ ವಸ್ತುವಿಗೆ ಆ ರಕ್ಷಣೆ ಇಷ್ಟು ಪೂರ್ಣವಾಗಿ ದೊರೆಯುವುದಿಲ್ಲ. ತಾವು ವ್ಯಾಪಾರಿಯಿಂದಲೇ ಕೊಳ್ಳುತ್ತಿರುವುದರಿಂದ ಆ ಒಂದು ಸಾಲನ್ನು ಬರೆದು ಸಹಿ ಹಾಕಿಕೊಡಲು ಅವರು ಹಿಂಜರಿದರೆ, ಬಿಎನ್2 ಕಾರಿನ ಬೆಲೆಯನ್ನೇ ಮುಂದಿಟ್ಟು ಮಾತು ಆರಂಭಿಸಿರಿ.